ಕಂಡಕ್ಟರ್ ಇಲ್ಲದ ದೇಶದಲ್ಲಿ ಅಮ್ಮನ ಜೊತೆ ಐದು ದಿನ

ಟ್ರ್ಯಾಮ್ ಹತ್ತಿ ಕೂತದ್ದೇ ತಡ, ಅಮ್ಮ ಬ್ಯಾಗಿನಿಂದ ಆಧಾರ್ ಕಾರ್ಡ್ ತೆಗೆದು ಕೈಯಲ್ಲಿ ಹಿಡಿದುಕೊಂಡಳು, ದಾವಣಗೆರೆಯಿಂದ ಹರಿಹರಕ್ಕೆ ಹೋಗುವಾಗ ಹಿಡಿದುಕೊಳ್ಳುವ ಹಾಗೆಯೇ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅದು ಅವಳ ಕೈಗೆ ರೂಢಿಯಾಗಿಬಿಟ್ಟಿದೆ. ಬಸ್ ಹತ್ತಬೇಕು, ಕಾರ್ಡ್ ತೋರಿಸಬೇಕು, ಶೂನ್ಯ ಟಿಕೆಟ್ ಇಸ್ಕೊಂಡು ಇಳಿಯುವ ತನಕ ಜೋಪಾನ ಮಾಡಬೇಕು. "ಕಂಡಕ್ಟರ್ ಎಲ್ಲಿ?" ಅಂದಳು. ಇಲ್ಲಿ ಟಿಕೆಟ್ಟೇ ಇಲ್ಲಮ್ಮ ಅಂದೆ. "ಶೂನ್ಯ ಟಿಕೆಟ್ಟೂ ಇಲ್ವಾ?" ಎಂದು ಕೇಳಿ, ಎದುರು ಕೂತಿದ್ದ ಹುಡುಗನ ಕೈಯನ್ನು ಒಮ್ಮೆ ನೋಡಿದಳು. ಅವನ ಕೈಯಲ್ಲೂ ಏನೂ ಇರಲಿಲ್ಲ. ಆಮೇಲೇ ಕಾರ್ಡ್ ಬ್ಯಾಗಿನೊಳಗೆ ಹೋಯಿತು.

ನಾವು ಇದ್ದದ್ದು ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್‌ನಲ್ಲಿ. 2,586 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ತುಸು ದೊಡ್ಡದು, ಕೊಡಗಿಗಿಂತ ಎಷ್ಟೋ ಚಿಕ್ಕದು. 2020ರ ಫೆಬ್ರವರಿ 29ರಿಂದ ದೇಶದೊಳಗಿನ ಬಸ್ಸು, ರೈಲು, ಟ್ರ್ಯಾಮ್ ಎಲ್ಲವೂ ಎಲ್ಲರಿಗೂ ಉಚಿತ. ಊರಿನವರಿಗಷ್ಟೇ ಅಲ್ಲ, ನಿನ್ನೆ ಬಂದಿಳಿದ ನಮಗೂ. ಅದಕ್ಕೂ ಮೊದಲು ಟಿಕೆಟ್‌ನಿಂದ ಬರುತ್ತಿದ್ದ ದುಡ್ಡು ಒಟ್ಟು ಖರ್ಚಿನ ಹತ್ತನೇ ಒಂದು ಭಾಗವನ್ನೂ ತುಂಬುತ್ತಿರಲಿಲ್ಲವಂತೆ. ರೈಲಿನ ಮೊದಲ ದರ್ಜೆಗೆ ಮಾತ್ರ ಟಿಕೆಟ್ ಬೇಕು. ಬಾಗಿಲ ಬಳಿ 1 ಎಂಬ ಅಂಕಿ ಕಂಡರೆ ಮುಂದಿನ ಡಬ್ಬಿಗೆ ನಡೆಯಿರಿ.

ನಾವು ಹೋದದ್ದು 2025ರ ಮೇ ತಿಂಗಳಲ್ಲಿ. ಆ ವರ್ಷದ ಮಾರ್ಚ್‌ನಲ್ಲಷ್ಟೇ ಟ್ರ್ಯಾಮ್ ಫಿಂಡೆಲ್ ವಿಮಾನ ನಿಲ್ದಾಣ ಮುಟ್ಟಿತ್ತು. ಹಾಗಾಗಿ ವಿಮಾನದಿಂದ ಇಳಿದು ಸೂಟ್‌ಕೇಸ್ ಉರುಳಿಸಿಕೊಂಡು ಹೋಗಿ ಕೂತರೆ ಸೀದಾ ಕೇಂದ್ರ ರೈಲು ನಿಲ್ದಾಣ. ಹಳೇ ಪೇಟೆಯ ನಡುವೆ ಈ ಟ್ರ್ಯಾಮ್‌ಗೆ ಮೇಲೆ ತಂತಿಯೇ ಇಲ್ಲ. ನಿಲ್ದಾಣದಲ್ಲಿ ನಿಂತಷ್ಟು ಹೊತ್ತಿನಲ್ಲಿ ಚಾರ್ಜ್ ಆಗಿ ಮುಂದಿನ ನಿಲ್ದಾಣಕ್ಕೆ ಓಡುತ್ತದೆ.

ನಾನು ತಗೊಂಡ ಒಂದೇ ಒಂದು ಜಾಣ ನಿರ್ಧಾರ ರೂಮಿನದು. ರಾಜಧಾನಿಯಲ್ಲಿ ಹೋಟೆಲ್ ಬಾಡಿಗೆ ವಿಪರೀತ. ಓಡಾಟಕ್ಕೆ ಕಾಸು ಬೇಡ ಅಂದಮೇಲೆ ಊರ ನಡುವೆಯೇ ಇರಬೇಕೆಂಬ ಹಟ ಯಾಕೆ ಎಂದು ಎಟೆಲ್‌ಬ್ರುಕ್‌ನಲ್ಲಿ ಉಳಿದೆವು. ರಾಜಧಾನಿಯಿಂದ ಅರ್ಧ ಗಂಟೆಯ ರೈಲು. ಉತ್ತರದ ರೈಲು ಇದೇ ದಾರಿಯಲ್ಲಿ ಹೋಗುತ್ತದೆ, ಸುತ್ತಲಿನ ಹಳ್ಳಿಗಳ ಬಸ್ಸುಗಳೂ ಇದೇ ನಿಲ್ದಾಣದಿಂದ ಹೊರಡುತ್ತವೆ. ನಮ್ಮಲ್ಲಿ ಅರಸೀಕೆರೆ ಇದ್ದಂತೆ, ಎಲ್ಲಿಗೆ ಹೋಗುವುದಿದ್ದರೂ ಅಲ್ಲಿ ಇಳಿದು ಹತ್ತುವ ಜಾಗ.

ಎರಡನೇ ದಿನ ಕ್ಲೆರ್ವೋಗೆ ಹೊರಟೆವು. ಅಲ್ಲಿನ ಬಿಳಿ ಕೋಟೆ 1944ರ ಡಿಸೆಂಬರ್ ಯುದ್ಧದಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಅದರೊಳಗೆ ಫೋಟೋಗ್ರಾಫರ್ ಎಡ್ವರ್ಡ್ ಸ್ಟೈಕನ್ ಕಲೆಹಾಕಿದ 503 ಫೋಟೋಗಳ ಪ್ರದರ್ಶನವಿದೆ. ರೈಲು ಎಟೆಲ್‌ಬ್ರುಕ್ ದಾಟಿದ ಮೇಲೆ ಕಣಿವೆ ಕಿರಿದಾಗುತ್ತದೆ. ಸುರಂಗ, ಹೊಳೆ, ಕಾಡು, ಮತ್ತೆ ಸುರಂಗ. ಕೌಟೆನ್‌ಬಾಕ್ ಎಂಬ ಪುಟ್ಟ ನಿಲ್ದಾಣ ಬಂತು. ಅಮ್ಮ ಕಿಟಕಿಗೆ ಹಣೆ ಒತ್ತಿ ಹೊಳೆ ನೋಡುತ್ತಿದ್ದವಳು, "ಇಲ್ಲೇ ಇಳಿಯೋಣ್ವಾ?" ಅಂದಳು.

ಇಳಿದೇಬಿಟ್ಟೆವು. ಈ ಪ್ರವಾಸದಲ್ಲಿ ನನ್ನ ಮನಸ್ಸಿಗೆ ಅತಿ ಹೆಚ್ಚು ನಾಟಿದ್ದು ಆ ಇಳಿಯುವಿಕೆ. ಟಿಕೆಟ್ ಇದ್ದಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ. ಕ್ಲೆರ್ವೋವರೆಗೆ ದುಡ್ಡು ಕೊಟ್ಟಿದ್ದೇವೆ, ನಡುವೆ ಇಳಿದರೆ ಆಗುತ್ತೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾ ಕೂರುವಷ್ಟರಲ್ಲಿ ರೈಲು ಹೊರಟಿರುತ್ತಿತ್ತು. ಉಳಿದ ದುಡ್ಡು ಎಷ್ಟೋ ಗೊತ್ತಿಲ್ಲ, ಅದನ್ನು ನಾನು ಎಣಿಸಲೂ ಇಲ್ಲ. ಅರವತ್ತೆಂಟು ವರ್ಷದ ಅಮ್ಮ ಯಾರನ್ನೂ ಕೇಳದೆ ಮನಸ್ಸು ಬಂದ ಕಡೆ ಇಳಿದಳು. ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟು, ಹಿಮ ಹಿಮ ಅಂತ ಕೂಗಿ, ಮತ್ತೆ ಇಟ್ಟಳು. ಮುಂದಿನ ರೈಲಿಗೆ ಕ್ಲೆರ್ವೋ ತಲುಪಿದೆವು.

ಆದರೆ ಕಾಸು ಬೇಡವಾದ ಕಡೆ ವೇಳಾಪಟ್ಟಿಯೇ ಕಾಸು. ಅದನ್ನು ಕಲಿಸಿದ್ದು ವಿಯಾಂಡೆನ್. ಅಲ್ಲಿಗೆ ರೈಲಿಲ್ಲ, ಡೀಕಿರ್ಕ್ ಕಡೆಯಿಂದ ಬಸ್ಸಿನಲ್ಲಿ ಹೋಗಬೇಕು. ಗುಡ್ಡದ ಮೇಲೆ ದೊಡ್ಡ ಕೋಟೆ, ಕೆಳಗೆ ಔರ್ ನದಿ, ಸೇತುವೆಯ ಹತ್ತಿರ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋ 1871ರಲ್ಲಿ ತಂಗಿದ್ದ ಮನೆ. ಎಲ್ಲ ನೋಡಿ ಸಂಜೆ ನಿಲ್ದಾಣದ ಬೆಂಚಿನ ಮೇಲೆ ಕೂತೆವು. ಬಸ್ ಬಂತು. ನಾವು ಎದ್ದು ನಿಂತು ಸುಮ್ಮನೆ ನೋಡಿದೆವು. ಅದು ನಮ್ಮ ಮುಂದೆಯೇ ಹಾದು ಹೋಯಿತು. ಅದೇ ನಿಲ್ದಾಣದಲ್ಲಿ ಬೇರೆ ಬೇರೆ ಬಸ್ಸುಗಳು ನಿಲ್ಲುತ್ತವೆ. ಕೈ ತೋರಿಸದಿದ್ದರೆ ಇದು ಬೇಕಿಲ್ಲ ಅಂತ ಅರ್ಥ. ನಮ್ಮೂರಲ್ಲಿ ಕೈ ಅಡ್ಡ ಹಾಕಿ ನಿಲ್ಲಿಸಿಯೇ ಬೆಳೆದವಳು ನಾನು. ಪರದೇಶದಲ್ಲಿ ಹಾಗೆ ಮಾಡಿದರೆ ಸಭ್ಯವಲ್ಲವೇನೋ ಎಂದು ಕೈ ಕಟ್ಟಿಕೊಂಡು ನಿಂತಿದ್ದೆ. ಅವತ್ತು ಭಾನುವಾರ ಬೇರೆ, ಹಳ್ಳಿ ಕಡೆಯ ಬಸ್ಸುಗಳು ತೀರ ಕಡಿಮೆ. ಚಳಿ ಏರುತ್ತಿತ್ತು, ಅಮ್ಮನ ಮಂಡಿ ನೋಯಲು ಶುರುವಾಗಿತ್ತು. ನಾನು ಭಯಪಟ್ಟಿದ್ದು ನಿಜ. ನಾಯಿ ಕರೆದುಕೊಂಡು ಬಂದ ಒಬ್ಬ ಅಜ್ಜಿ ನಿಲ್ದಾಣದಲ್ಲಿದ್ದ ವೇಳಾಪಟ್ಟಿ ಹಾಳೆಯ ಮೇಲೆ ಬೆರಳಿಟ್ಟು ಮುಂದಿನ ಬಸ್ಸಿನ ಹೊತ್ತು ತೋರಿಸಿದರು, ಆಮೇಲೆ ತಮ್ಮ ಕೈಯನ್ನು ಅಡ್ಡ ಚಾಚಿ ಹೀಗೆ ಮಾಡಿ ಎಂದು ತೋರಿಸಿಕೊಟ್ಟರು. "ಮೊಯೆನ್" ಎಂಬ ಅವರ ನಮಸ್ಕಾರ ಬಿಟ್ಟರೆ ನನಗೆ ಅವರ ಭಾಷೆ ಬಾರದು. ಬೇಕಾಗಲೂ ಇಲ್ಲ.

ಅವತ್ತಿನಿಂದ ಎಲ್ಲಿ ಇಳಿದರೂ ಮೊದಲ ಕೆಲಸ ವಾಪಸ್ ಬಸ್ಸುಗಳ ಹಾಳೆಯ ಫೋಟೋ. ಊರು ನೋಡುವುದು ಆಮೇಲೆ. ಬಸ್ಸು, ರೈಲಿನ ಹೊತ್ತು ತೋರಿಸುವ ಮೊಬಿಲಿಟೈಟ್ ಆ್ಯಪ್ ಫೋನಿನಲ್ಲಿತ್ತು, ತುಂಬ ಉಪಕಾರವಾಯಿತು. ಆದರೆ ಕಣಿವೆಯಲ್ಲಿ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಬೇಸಿಗೆಯಲ್ಲಿ ಹೋಗುವವರು ಹಳಿ ಕೆಲಸಕ್ಕೆಂದು ರೈಲಿನ ಬದಲು ಬಸ್ ಓಡಿಸುವ ದಿನಗಳಿವೆಯೇ ಎಂದೂ ನೋಡಿಕೊಳ್ಳಿ. ಇನ್ನೊಂದು, ಉಚಿತ ಎಂಬುದು ಗಡಿಯವರೆಗೆ ಮಾತ್ರ. ಜರ್ಮನಿಯ ಟ್ರಿಯರ್ ಕಡೆ ಹೋಗುವ ರೈಲಿನಲ್ಲಿ ವಾಸರ್‌ಬಿಲ್ಲಿಗ್ ದಾಟಿದರೆ ಟಿಕೆಟ್ ಬೇಕು. ದೇಶ ಎಷ್ಟು ಚಿಕ್ಕದೆಂದರೆ, ಮಾತಾಡುತ್ತಾ ಕೂತರೆ ಗಡಿ ದಾಟಿರುತ್ತೀರಿ.

ಕೊನೆಯ ದಿನ ಅಮ್ಮನಿಗೊಂದು ಊರು ತೋರಿಸಬೇಕಿತ್ತು. ವೀಸಾಕ್ಕೆ ಅವಳು ಬೆಂಗಳೂರಿಗೆ ಬಂದು ಬೆರಳಚ್ಚು ಕೊಟ್ಟಿದ್ದಳು. ಅಕ್ಕಿ ಹಿಟ್ಟು, ಪಾತ್ರೆ ಸೋಪಿನಲ್ಲಿ ಸವೆದ ಬೆರಳು ಬೇಗ ಮೂಡದೆ ನಾಲ್ಕು ಸಲ ಒತ್ತಿಸಿದ್ದರು. ಆ ಶೆಂಗೆನ್ ವೀಸಾದ ಹೆಸರೇ ಒಂದು ಹಳ್ಳಿಯದು ಎಂದಾಗ ಅವಳು ನಂಬಲಿಲ್ಲ. ರೆಮಿಶ್‌ನಲ್ಲಿ ಬಸ್ ಬದಲಿಸಿ, ದ್ರಾಕ್ಷಿ ತೋಟಗಳ ನಡುವೆ ಮೊಸೆಲ್ ನದಿ ಪಕ್ಕದಲ್ಲೇ ಹೋಗಿ ಶೆಂಗೆನ್‌ನಲ್ಲಿ ಇಳಿದೆವು. 1985ರ ಜೂನ್ 14ರಂದು ಐದು ದೇಶಗಳವರು ಇಲ್ಲೇ ನದಿಯಲ್ಲಿ ನಿಂತ ಹಡಗಿನ ಮೇಲೆ, ತಮ್ಮ ನಡುವಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದ್ದು. ಅಮ್ಮ ಸೇತುವೆಯ ಮೇಲೆ ನಡೆದು ಆಚೆಯ ಜರ್ಮನಿ ಮುಟ್ಟಿ ಬಂದಳು. ಯಾರೂ ತಡೆಯಲಿಲ್ಲ, ಏನೂ ಕೇಳಲಿಲ್ಲ. ವಾಪಸ್ ಬಂದು ತನ್ನ ಹೆಬ್ಬೆರಳನ್ನು ಒಂದು ಗಳಿಗೆ ನೋಡಿಕೊಂಡಳು.

ನಿಲ್ದಾಣದಲ್ಲಿ ನಾನು ಹಾಳೆಯ ಫೋಟೋ ತೆಗೆದು ಹೊತ್ತು ನೋಡುತ್ತಿದ್ದೆ. ದೂರದ ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತಷ್ಟೇ. ಅಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ರಸ್ತೆ ಅಂಚಿಗೆ ಬಂದು, ಹರಿಹರದ ಬಸ್ಸಿಗೆ ಚಾಚುವ ಹಾಗೆ ತೋಳು ಪೂರ್ತಿ ಅಡ್ಡ ಚಾಚಿ ನಿಂತಿದ್ದಳು.