ಹಳೇ ಯೆಜ್ಡಿಗೆ ಮನೆಯಲ್ಲೇ ಮರುಜೀವ: ಬಣ್ಣ ಆಮೇಲೆ, ಟ್ಯಾಂಕು ಮೊದಲು

ಹಳೇ ಜಾವಾ, ಯೆಜ್ಡಿ ಬೈಕು ಸರಿ ಮಾಡಲು ಹೊರಟವರು ಮೊದಲು ಓಡುವುದು ಪೇಂಟ್ ಅಂಗಡಿಗೆ. ಟ್ಯಾಂಕು ಫಳಫಳ ಹೊಳೆಯುತ್ತದೆ, ಫೋಟೊ ಮನೆಯವರ ಗ್ರೂಪಿಗೆ ಹೋಗುತ್ತದೆ, ಗಾಡಿ ಮಾತ್ರ ಎರಡನೇ ಸಿಗ್ನಲ್ ದಾಟುವುದಿಲ್ಲ. ಕಾರ್ಬ್ಯುರೇಟರ್ ಬಿಚ್ಚಿದರೆ ತಳದಲ್ಲಿ ಕೆಂಪು ಕೆಸರು. ಟ್ಯಾಂಕಿನ ತುಕ್ಕು ಇಳಿದು ಬಂದು ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಮುಚ್ಚಿಕೊಂಡಿರುತ್ತದೆ. ಆಗ ಟ್ಯಾಂಕಿಗೆ ಆಸಿಡ್ ಹಾಕಲು ಹೋಗುತ್ತಾರೆ, ಅದು ಹೊಸ ಬಣ್ಣದ ಮೇಲೆ ಸೋರಿ ಪಟ್ಟೆ ಪಟ್ಟೆ ಎಬ್ಬಿಸುತ್ತದೆ. ಕೊಟ್ಟ ದುಡ್ಡು ನೀರಿಗೆ ಹೋಯ್ತು.

ಕಾಗದ ಪತ್ರ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿ ತಯಾರಾದ ಗಾಡಿ ಎಂದರೆ ಹಳೆಯದೇ. ಅಪ್ಪನದೋ ಮಾವನದೋ ಹಿತ್ತಲಲ್ಲಿ ಟಾರ್ಪಾಲಿನ ಕೆಳಗಿದ್ದರೆ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ಹುಡುಕಿ. ಎಂಜಿನ್ ನಂಬರು, ಚಾಸಿ ನಂಬರು ಅದಕ್ಕೆ ತಾಳೆಯಾಗಬೇಕು. 15 ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ ಬೇಕು, ಒಮ್ಮೆ ಮಾಡಿಸಿದರೆ 5 ವರ್ಷ ನಡೆಯುತ್ತದೆ. 50 ವರ್ಷ ದಾಟಿದ್ದನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಆಮೇಲೆ ದಿನಾ ಆಫೀಸಿಗೆ ಓಡಿಸುವಂತಿಲ್ಲ. ಫ್ರೇಮ್ ಉಜ್ಜಲು ಕೊಡುವಾಗ ಚಾಸಿ ನಂಬರಿನ ಮೇಲೆ ಟೇಪ್ ಸುತ್ತಿ ಕೊಡಿ. ಅದು ಸವೆದರೆ ಆರ್‌ಟಿಒದಲ್ಲಿ ಉತ್ತರ ಹೇಳಬೇಕಾದವರು ನೀವೇ.

ಬಿಚ್ಚುವುದು

ಒಬ್ಬರು ಬಿಚ್ಚಿ, ಇನ್ನೊಬ್ಬರು ಫೋಟೊ ತೆಗೆಯಿರಿ, ಮತ್ತೊಬ್ಬರು ಬೋಲ್ಟುಗಳನ್ನು ಕವರಿಗೆ ಹಾಕಿ ಹೆಸರು ಬರೆಯಿರಿ. ಮನೆಯಲ್ಲಿ ಯಾರ ಕೈಬರಹ ಚೆನ್ನಾಗಿದೆಯೋ ಅವರಿಗೇ ಮೂರನೇ ಕೆಲಸ. ಬ್ರೇಕ್ ಡ್ರಮ್ಮಿನ ಧೂಳನ್ನು ಮಾತ್ರ ಊದಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಬಿಸಾಡಿ.

ಎಂಜಿನ್ ತಿರುಗದೆ ಹಿಡಿದುಕೊಂಡಿದ್ದರೆ ಕಿಕ್ಕರ್ ಮೇಲೆ ಹತ್ತಿ ಕುಣಿಯುವುದು ಬೇಡ. ಈ ಗಾಡಿಯಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಮುರಿದರೆ ಎರಡೂ ಹೋದಂತೆ. ಪ್ಲಗ್ ತೆಗೆದು ತೂತಿನಲ್ಲಿ ಡೀಸೆಲ್ ಮತ್ತು 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಸುರಿದು, ಎರಡು ಮೂರು ದಿನ ಸುಮ್ನೆ ಬಿಡಿ.

ಟ್ಯಾಂಕು

ಪೆಟ್ರೋಲ್ ಕಾಕ್ (ಟ್ಯಾಂಕಿನ ಕೆಳಗಿನ ನಲ್ಲಿ) ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ. ಬೆಂಕಿಕಡ್ಡಿ ಗೀರಿ ನೋಡುವವರೂ ಇದ್ದಾರೆ, ಅವರನ್ನು ದೂರ ಇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯ, ಒಳಗೆ ಪೆಟ್ರೋಲ್ ಆವಿ ಕೂತಿರುತ್ತದೆ. ಇದೇ ಕಾರಣಕ್ಕೆ ಗ್ಯಾಸ್ ವೆಲ್ಡಿಂಗ್ ಅಂಗಡಿಗೂ ಟ್ಯಾಂಕನ್ನು ಹಾಗೇ ಒಯ್ಯಬೇಡಿ.

ಎಲ್ಲರೂ ಎಡವುವುದು ಇಲ್ಲಿ: ನೇರವಾಗಿ ಆಸಿಡ್ ಸುರಿಯುತ್ತಾರೆ. ವರ್ಷಗಟ್ಟಲೆ ನಿಂತ ಪೆಟ್ರೋಲ್, ಆಯಿಲ್ ಸೇರಿ ಒಳಗೋಡೆಗೆ ಅಂಟಿನಂತೆ ಹಿಡಿದಿರುತ್ತದೆ. ಅದರ ಕೆಳಗಿನ ತುಕ್ಕಿಗೆ ಯಾವ ಹುಳಿಯೂ ಮುಟ್ಟುವುದಿಲ್ಲ. ಮೊದಲು ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಕುಲುಕಿ, ಚೆಲ್ಲಿ. ಬೆರಳು ಹಾಕಿದರೆ ಜಾರಬಾರದು, ಪೆಟ್ರೋಲ್ ವಾಸನೆಯೂ ಬರಬಾರದು. ಅಲ್ಲಿಯವರೆಗೆ ತೊಳೆಯುತ್ತಲೇ ಇರಿ.

ಆಮೇಲೆ ತುಕ್ಕಿನ ಹಕ್ಕಳೆ ಉದುರಿಸಬೇಕು. ಮರಳು, ಜಲ್ಲಿ ಹಾಕಬೇಡಿ. ಜಲ್ಲಿ ಪುಡಿಯಾಗುತ್ತದೆ, ಮರಳು ಮೂಲೆ ಸೇರಿ ಕೂರುತ್ತದೆ. ಈ ಟ್ಯಾಂಕು ಫ್ರೇಮಿನ ಎರಡೂ ಕಡೆ ಇಳಿಬಿದ್ದಿರುತ್ತದಲ್ಲ, ಆ ಇಳಿದ ಭಾಗದಿಂದ ಏನನ್ನೂ ಹೊರಗೆ ತರುವುದು ಕಷ್ಟ. ದಪ್ಪ ನಟ್ಟುಗಳೇ ಸಾಕು. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ನಮ್ಮ ಮನೆಯಲ್ಲಿ ಈ ಲೆಕ್ಕ ಮಗಳದ್ದು. ಕ್ಯಾಲೆಂಡರಿನ ಮೂಲೆಯಲ್ಲಿ ಗೀಟು ಹಾಕಿಕೊಂಡು, ಒಂದು ನಟ್ಟು ಕಡಿಮೆ ಬಂದರೂ ಟ್ಯಾಂಕು ಕೆಳಗಿಡಲು ಬಿಡುವುದಿಲ್ಲ. ಟ್ಯಾಂಕಿಗೆ ಹಳೇ ಕಂಬಳಿ ಸುತ್ತಿ ಇಬ್ಬರು ಎದುರುಬದುರು ಕೂತು ತೂಗಿ. ಸಂಜೆ ಧಾರಾವಾಹಿ ನೋಡುತ್ತಾ ಮಾಡಬಹುದಾದ ಕೆಲಸ, ಸದ್ದನ್ನು ಮನೆಯವರು ಸಹಿಸಿದರೆ.

ಈಗ ಹುಳಿ. ದಿನಸಿ ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿ, ಕೆಲವರು ನಿಂಬೆ ಉಪ್ಪು ಅನ್ನುತ್ತಾರೆ, ಲೀಟರ್ ಬಿಸಿನೀರಿಗೆ 60ರಿಂದ 80 ಗ್ರಾಂ. ಕಾಕ್ ತೂತಿಗೆ ರಬ್ಬರ್ ಬಿರಡೆ ಹಾಕಿ ಕಂಠಮಟ್ಟ ತುಂಬಿಸಿ. ಮುಕ್ಕಾಲು ತುಂಬಿಸಿದರೆ ಮೇಲ್ಭಾಗದ ತುಕ್ಕು ಹಾಗೇ ಉಳಿಯುತ್ತದೆ. ಗುಳ್ಳೆ ಏಳುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಆದ್ದರಿಂದ ಮುಚ್ಚಳ ಬಿಗಿಯಬೇಡಿ, ಬಯಲಲ್ಲಿಡಿ, ಹತ್ತಿರ ಬೀಡಿ ಸಿಗರೇಟು ಬೇಡ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಒಳಗೆ ಬೂದುಬಣ್ಣದ ಕಬ್ಬಿಣ ಕಂಡರೆ ಮುಗಿಯಿತು, ಇಲ್ಲದಿದ್ದರೆ ಹೊಸ ನೀರು, ಹೊಸ ಪುಡಿ.

ಕಕ್ಕಸು ತೊಳೆಯುವ ಆಸಿಡ್ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸುತ್ತೆ ಅನ್ನುತ್ತಾರೆ. ಮುಗಿಸುತ್ತದೆ, ತೆಳುವಾದ ತಗಡನ್ನೂ ಸೇರಿಸಿ. ಅದರ ಹೊಗೆ ಪಕ್ಕದಲ್ಲಿಟ್ಟ ಕ್ರೋಮಿಗೂ ತುಕ್ಕು ತರುತ್ತದೆ.

ಹುಳಿ ಚೆಲ್ಲಿದ ಮೇಲೆ ಕೈ ಚುರುಕಾಗಬೇಕು. ಬರಿ ಕಬ್ಬಿಣ ಒದ್ದೆಯಾಗಿ ಗಾಳಿಗೆ ನಿಂತರೆ ನಿಮಿಷಗಳಲ್ಲಿ ಕಿತ್ತಳೆ ಬಣ್ಣ ತಿರುಗುತ್ತದೆ. ಮನೆಯವರೆಲ್ಲ ಬೇಕಾಗುವುದು ಆಗಲೇ. ಅಡುಗೆ ಸೋಡಾ ಕಲಸಿದ ನೀರು ಒಬ್ಬರ ಕೈಯಲ್ಲಿ, ತೊಳೆಯುವ ಬಿಸಿನೀರು ಇನ್ನೊಬ್ಬರ ಕೈಯಲ್ಲಿ, ಹೇರ್ ಡ್ರೈಯರ್ ಮೂರನೆಯವರ ಕೈಯಲ್ಲಿ. ಎಲ್ಲ ಸಿದ್ಧವಾದ ಮೇಲೆಯೇ ಬಿರಡೆ ಕೀಳಿ. ಸೋಡಾ, ನೀರು, ಬಿಸಿಗಾಳಿ. ಮೂಲೆ ಮೂಲೆ ಒಣಗಿದ ಮೇಲೆ ಡ್ರೈಯರನ್ನು ಮನೆಯೊಳಗಿಟ್ಟು ಬಂದು, 2ಟಿ ಆಯಿಲ್ ಜಾಸ್ತಿ ಬೆರೆಸಿದ ಒಂದು ಲೋಟ ಪೆಟ್ರೋಲನ್ನು ಟ್ಯಾಂಕಿಗೆ ಸುರಿದು ಎಲ್ಲಾ ಕಡೆ ಹೊರಳಾಡಿಸಿ. ಡ್ರೈಯರ್ ಮತ್ತು ಪೆಟ್ರೋಲ್ ಒಟ್ಟಿಗೆ ಇರಲೇಬಾರದು.

ಕೊನೆಗೆ ಅದೇ ಪೆಟ್ರೋಲ್ ಚೆಲ್ಲಿ, ಡೀಸೆಲ್ ತುಂಬಿಸಿ, ಪೇಪರ್ ಹಾಸಿ ರಾತ್ರಿ ಇಡಿ. ಬೆಳಿಗ್ಗೆ ಪೇಪರಿನಲ್ಲಿ ಕಲೆ ಕಂಡರೆ ತೂತಿದೆ. ಎಂ-ಸೀಲ್ ಮೆತ್ತಿ ಮುಗಿಸಬೇಡಿ, ಟ್ಯಾಂಕನ್ನು ಮೊದಲಿನಂತೆ ತೊಳೆದು ತಿಳಿದವರ ಹತ್ತಿರ ಬ್ರೇಜಿಂಗ್ (ಹಿತ್ತಾಳೆ ಬೆಸುಗೆ) ಮಾಡಿಸಿ. ಒಳಗೆ ಬಳಿಯುವ ಸೀಲರ್ ನನಗಂತೂ ಹಿಡಿಸುವುದಿಲ್ಲ. ಜಿಡ್ಡು ಪೂರ್ತಿ ಹೋಗದಿದ್ದರೆ ಹಾಳೆ ಹಾಳೆಯಾಗಿ ಕಿತ್ತು ಬಂದು ಕಾಕ್ ಮುಚ್ಚುತ್ತದೆ. ಈಗಿನ ಇ-20 ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ ಇದೆ, ಅದು ನೀರು ಹೀರುತ್ತದೆ, ಹಳೇ ರಬ್ಬರನ್ನೂ ತಿನ್ನುತ್ತದೆ. ಪೈಪು, ಕಾಕ್ ವಾಷರ್ ಹೊಸದು ಹಾಕಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕು ಬತ್ತಿಸಿ, ಒಳಗೆ ಆಯಿಲ್ ಹೊರಳಾಡಿಸಿ ಇಡಿ.

ಬಣ್ಣ ಈಗ. ಗಾಡಿಗೆ ಮೊದಲು ಯಾವ ಬಣ್ಣವಿತ್ತು ಅಂತ ಮನೆಯ ಹಿರಿಯರನ್ನು ಕೇಳಿ, ಅದನ್ನೇ ಹೊಡೆಸಿ. ಮ್ಯಾಟ್ ಬ್ಲ್ಯಾಕ್ ಬೇಡವೇ ಬೇಡ.

ಎಂಜಿನ್, ಕರೆಂಟು

ಕ್ರ್ಯಾಂಕ್ ಕೆಲಸ ಮನೆಯದ್ದಲ್ಲ, ವರ್ಕ್‌ಶಾಪಿಗೆ ಕೊಡಿ. ಆದರೆ ಆಯಿಲ್ ಸೀಲ್ ಬದಲಿಸಿದ್ದನ್ನು ಕಣ್ಣಾರೆ ನೋಡಿ. ಸೀಲ್ ಗಟ್ಟಿಯಾದರೆ ಗಾಳಿ ಎಳೆದುಕೊಂಡು ಪಿಸ್ಟನ್ ಹಿಡಿಯುತ್ತದೆ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಸುತ್ತಿ. ಸುಸ್ಥಿತಿಯಲ್ಲಿರುವ ಹಳೇ ಅಸಲಿ ಭಾಗ ಸಿಕ್ಕರೆ ಹೊಸ ನಕಲಿಗಿಂತ ಅದೇ ವಾಸಿ. ವೈರಿಂಗ್ ಪೂರ್ತಿ ಹೊಸದು. ಪಾಯಿಂಟ್ ಗ್ಯಾಪ್ (ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟುಗಳ ನಡುವಿನ ಸಂದು) 0.4 ಮಿ.ಮೀ., ಕಣ್ಣಂದಾಜು ಬೇಡ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ನೋಡಿ.

ಸ್ಟಾರ್ಟ್

ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿಯೇ ಟ್ಯಾಂಕಿಗೆ ಹಾಕಬೇಕು, ಲೀಟರಿಗೆ 40 ಮಿ.ಲೀ. ಇದನ್ನು ಟ್ಯಾಂಕಿನ ಕೆಳಗೆ ಚೀಟಿ ಬರೆದು ಅಂಟಿಸಿ. ಗಾಡಿ ಕೇಳಿಕೊಂಡು ಹೋದ ಅಣ್ಣನೋ ಬಾಮೈದನೋ ಬರಿ ಪೆಟ್ರೋಲ್ ತುಂಬಿಸಿ ತಂದರೆ ಪಿಸ್ಟನ್ ಉಳಿಯುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿ ಕಿಕ್ ಹೊಡೆಯಿರಿ. ಹೊಗೆ ಜೋರಾಗಿ ಬರುತ್ತದೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ಒಣಹಾಕಿದ ಬಟ್ಟೆ ತೆಗೆಸಿ. ಐದು ನಿಮಿಷ ಓಡಿದ ಮೇಲೆ ಆಫ್ ಮಾಡಿ, ಪೂರ್ತಿ ಆರಲು ಬಿಟ್ಟು, ಎಂಜಿನ್ ಹೆಡ್ಡಿನ ನಟ್ಟುಗಳನ್ನು ಅಡ್ಡಡ್ಡ ಜೋಡಿಯಲ್ಲಿ ಇನ್ನೊಮ್ಮೆ ಬಿಗಿ ಮಾಡಿ.