ಸಿಡಿಲು ಬಂದದ್ದು ಫೋನಿನ ವೈರಲ್ಲಿ

ಕೊಪ್ಪದ ಕಡೆಯ ನಮ್ಮೂರಲ್ಲಿ ಜೂನ್, ಜುಲೈನ ಜಡಿಮಳೆಗೆ ಕಂಪ್ಯೂಟರ್ ಬಗ್ಗೆ ಅಷ್ಟು ಹೆದರಿಕೆಯಿಲ್ಲ. ಆಗ ಗುಡುಗು ಕಡಿಮೆ. ಹೆದರಬೇಕಾದ್ದು ಭರಣಿ, ಕೃತ್ತಿಕೆ ಮಳೆಗೆ, ಆಮೇಲೆ ಚಿತ್ತೆ, ಸ್ವಾತಿಗೆ. ಮಧ್ಯಾಹ್ನದವರೆಗೆ ಸುಡುಬಿಸಿಲು, ನಾಲ್ಕು ಗಂಟೆಗೆ ಗುಡ್ಡದ ಹಿಂದೆ ಮೋಡ ಕಪ್ಪುಗಟ್ಟಿತು ಅಂದರೆ ಅರ್ಧ ಗಂಟೆಯಲ್ಲಿ ತಲೆಯ ಮೇಲೇ ಸಿಡಿಲು. ನಾನು ಮನೆಯಲ್ಲೇ ಡಿಟಿಪಿ ಮಾಡುವವಳು. ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಒಮ್ಮೊಮ್ಮೆ ಪುಸ್ತಕ. ಮದುವೆಯ ಕಾಲವೂ ಸಿಡಿಲಿನ ಕಾಲವೂ ನಮಗೆ ಒಟ್ಟಿಗೇ ಬರುತ್ತವೆ.

2010ರ ಮೇ ತಿಂಗಳ ಒಂದು ಸಂಜೆ. ಗುಡುಗು ಶುರುವಾದ ಕೂಡಲೇ ಕಂಪ್ಯೂಟರ್ ಮುಚ್ಚಿ, ಯುಪಿಎಸ್ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿದ್ದೆ. ಮಾಡಬೇಕಾದ್ದೆಲ್ಲ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಪಕ್ಕದ ತೋಟದ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಫೋನ್ ಲೈನಿನಿಂದ ಇಂಟರ್ನೆಟ್ ಕೊಡುವ ಮೋಡೆಮ್ ಇದ್ದ ಮೂಲೆಯಲ್ಲಿ ಟಪ್ ಎಂದಿತು, ಸುಟ್ಟ ವಾಸನೆ ಬಂತು. ಮರುದಿನ ಕಂಪ್ಯೂಟರ್ ಏಳಲಿಲ್ಲ.

ರಿಪೇರಿಗೆ ಬಂದ ಹುಡುಗ ಮೊದಲು ಮೋಡೆಮ್ ಬಿಚ್ಚಿದ. ಒಳಗಿನ ಒಂದು ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ತೂತು, ಸುತ್ತ ಮಸಿ. ಫೋನಿನ ವೈರ್ ಕೂರುವ ತೂತಿನ ಹಿತ್ತಾಳೆ ಕಡ್ಡಿಗಳೂ ಕಪ್ಪಾಗಿದ್ದವು. "ಅಕ್ಕಾ, ಕರೆಂಟಿನ ಕಡೆಯಿಂದ ಬಂದಿದ್ದಲ್ಲ ಇದು. ಕಂಪ್ಯೂಟರಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಚೆನ್ನಾಗೇ ಇದೆ. ಫೋನ್ ಲೈನಲ್ಲಿ ಬಂದು, ಮೋಡೆಮ್ ಸುಟ್ಟು, ನೆಟ್ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ಹೋಗಿದೆ" ಅಂದ. ಕಂಬದಿಂದ ಕಂಬಕ್ಕೆ ಕಾಡಿನ ನಡುವೆ ಕಿಲೋಮೀಟರುಗಟ್ಟಲೆ ಬಂದ ತಾಮ್ರದ ತಂತಿ ಅದು. ಸಿಡಿಲು ಅದಕ್ಕೇ ಹೊಡೆಯಬೇಕೆಂದಿಲ್ಲ, ಹತ್ತಿರ ಬಿದ್ದರೂ ತಂತಿಯಲ್ಲಿ ವೋಲ್ಟೇಜ್ ಏರುತ್ತದೆ. ನಾನು ಹೆಬ್ಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಿದ್ದೆ. ಹಾರ್ಡ್ ಡಿಸ್ಕ್ ಉಳಿದಿದೆಯೋ ಇಲ್ಲವೋ ಗೊತ್ತಾಗುವವರೆಗೆ ಮೂರು ದಿನ ನನಗೆ ಊಟ ಸೇರಲಿಲ್ಲ. ಎರಡು ವರ್ಷದ ಕೆಲಸ ಅದರಲ್ಲಿತ್ತು, ಬೇರೆಲ್ಲೂ ಪ್ರತಿ ಇರಲಿಲ್ಲ. ಪುಣ್ಯಕ್ಕೆ ಉಳಿದಿತ್ತು.

ಸ್ವಿಚ್ ಆಫ್ ಮಾಡಿದರೆ ಸಾಕು ಎಂಬ ನಂಬಿಕೆಯನ್ನೂ ಅವನೇ ಬಿಡಿಸಿದ. ಗೋಡೆಯ ಸ್ವಿಚ್ ಕತ್ತರಿಸುವುದು ಕರೆಂಟ್ ತರುವ ಫೇಸ್ ತಂತಿಯನ್ನು ಮಾತ್ರ, ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ಲೂ ನೆಲಕ್ಕಿಳಿಯುವ ಅರ್ಥೂ ಕಂಪ್ಯೂಟರಿಗೆ ಅಂಟಿಕೊಂಡೇ ಇರುತ್ತವೆ. ಮೇಲಾಗಿ ಸ್ವಿಚ್ಚಿನೊಳಗಿನ ಸಂದು ಕೆಲವೇ ಮಿಲಿಮೀಟರ್. ಮೋಡದಿಂದ ನೆಲಕ್ಕೆ ಹಾರಿ ಬರುವ ಸಿಡಿಲಿಗೆ ಅದು ಯಾವ ಲೆಕ್ಕ? ಪ್ಲಗ್ಗನ್ನೇ ಕಿತ್ತು ದೂರ ಇಡಬೇಕು. ಫೋನ್ ವೈರ್, ನೆಟ್ ಕೇಬಲ್, ಟಿವಿಯ ಡಿಶ್ ಕೇಬಲ್, ಹೊರಗಿಂದ ಬರುವ ಯಾವುದೂ ಚುಚ್ಚಿಕೊಂಡಿರಬಾರದು.

ಆಮೇಲೆ ಅರ್ಥಿಂಗ್. ಹಿತ್ತಿಲಲ್ಲಿ ಅಪ್ಪನ ಕಾಲದ ಗುಂಡಿ ಇತ್ತು, ಇದ್ದಿಲು ಉಪ್ಪು ಹಾಕಿದ್ದೂ ನೆನಪಿತ್ತು. ಅಗೆಸಿ ನೋಡಿದರೆ ಪೈಪಿಗೆ ಬಿಗಿದಿದ್ದ ತಂತಿ ತುಕ್ಕು ತಿಂದು ಕಡ್ಡಿಯಂತೆ ಮುರಿದಿತ್ತು. ಎಷ್ಟು ವರ್ಷದಿಂದ ನಮ್ಮ ಮೂರು ಕಾಲಿನ ಪ್ಲಗ್ಗುಗಳಿಗೆ ಅರ್ಥೇ ಇರಲಿಲ್ಲವೋ! ಹೊಸ ಗುಂಡಿ ಮಾಡಿಸಿ, ಕರೆಂಟ್ ನೆಲಕ್ಕಿಳಿಯಲು ತಡೆ ಎಷ್ಟಿದೆ ಅಂತ ಮೀಟರ್ ಹಿಡಿಸಿ ಅಳೆಸಿದೆ, 5 ಓಮಿಗಿಂತ ಕಡಿಮೆ ಬಂದ ಮೇಲೇ ಎಲೆಕ್ಟ್ರಿಶಿಯನ್‌ಗೆ ದುಡ್ಡು ಕೊಟ್ಟೆ. ಸ್ಪೈಕ್ ಗಾರ್ಡ್ ಕೊಳ್ಳುವವರಿಗೆ ನಾನು ಮೊದಲು ಕೇಳುವುದೇ ಇದನ್ನು, ಅರ್ಥ್ ಸರಿಯಿದೆಯಾ ಅಂತ. ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವುದು ಸ್ಪೈಕ್ ಗಾರ್ಡಿನ ಕೆಲಸ. ಇಳಿಯಲು ದಾರಿಯೇ ಇಲ್ಲದಿದ್ದರೆ ಏನು ಮಾಡೀತು?

ಮನೆಯ ವೈರಿಂಗ್ ಹೊಸದಾಗಿ ಮಾಡಿಸುವಾಗ ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ ಹಾಕಿಸಿದೆ. ಸರ್ಜ್, ಅಂದರೆ ದಿಢೀರನೆ ಏರುವ ವೋಲ್ಟೇಜ್, ಬಂದರೆ ಅರ್ಥಿಗೆ ತಳ್ಳುವ ಸಾಧನ ಅದು. ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಈ ಕೆಲಸಕ್ಕೆ ಆಗುವುದಿಲ್ಲ, ಅದು ಬೀಳುವಷ್ಟರಲ್ಲಿ ಸಿಡಿಲಿನ ಹೊಡೆತ ಮುಗಿದಿರುತ್ತದೆ. ಎಸ್‌ಪಿಡಿಯಿಂದ ಅರ್ಥಿಗೆ ಹೋಗುವ ವೈರ್ ಆದಷ್ಟು ಗಿಡ್ಡವಾಗಿ, ಸುತ್ತಿ ಬಳಸದೆ ನೇರವಾಗಿ ಇರಬೇಕು. ಅದರ ಪುಟ್ಟ ಕಿಟಕಿಯಲ್ಲಿ ಹಸಿರು ಕಂಡರೆ ಜೀವ ಇದೆ ಅಂತ, ಕೆಂಪಾದರೆ ಕಾರ್ಟ್ರಿಜ್ ಬದಲಿಸಬೇಕು. ಇಷ್ಟೆಲ್ಲ ಇದ್ದರೂ ಹತ್ತಿರದ ಸಿಡಿಲಿಗೆ ಇದೊಂದನ್ನೇ ನಂಬಲು ನಾನು ಸಿದ್ಧಳಿಲ್ಲ. ದೂರದ ಮೊದಲ ಗುಡುಗು ಕೇಳಿದಾಗಲೇ ಎಲ್ಲ ಕೀಳುತ್ತೇನೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಆಮೇಲೆ ಪ್ಲಗ್ಗಿನ ಹತ್ತಿರ ಕೈ ಒಯ್ಯುವುದಿಲ್ಲ, ಮನೆಯವರನ್ನೂ ಬಿಡುವುದಿಲ್ಲ.

ಈಗ ನಮಗೆ ಫೈಬರ್ ಬಂದಿದೆ. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟ್ ಅಲ್ಲ, ಅದು ದೊಡ್ಡ ನೆಮ್ಮದಿ. ಆದರೆ ಕೆಲವು ಕೇಬಲ್ಲಿನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ, ಮನೆಯೊಳಗಿನ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಹೇಗೂ ಕರೆಂಟಿನಲ್ಲೇ ಇರುತ್ತದೆ. ಅದನ್ನೂ ಕೀಳುತ್ತೇನೆ. ವಾರಕ್ಕೊಮ್ಮೆ ಎಲ್ಲ ಫೈಲುಗಳನ್ನು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ ಬೀರುವಿನಲ್ಲಿಡುತ್ತೇನೆ.

ಮಳೆ ನಿಂತು ಕರೆಂಟ್ ಬಂದ ಹೊತ್ತೂ ಅಪಾಯದ್ದೇ. ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ತುಂಡಾಗಿದ್ದರೆ 230 ವೋಲ್ಟ್ ಬರಬೇಕಾದಲ್ಲಿ 400ರ ಹತ್ತಿರ ಬರಬಹುದು, ಅದನ್ನು ಸ್ಪೈಕ್ ಗಾರ್ಡ್ ತಡೆಯಲಾರದು. ಅದಕ್ಕೇ ಮೊದಲು ಜಗಲಿಯ ಹಳೇ ಬುರುಡೆ ಬಲ್ಬ್ ಹಾಕಿ ನೋಡುತ್ತೇನೆ. ಹತ್ತು ನಿಮಿಷ ಅದು ಕಣ್ಣು ಕುಕ್ಕದೆ, ಮಂಕಾಗದೆ ಉರಿದರೆ ಮಾತ್ರ ಪ್ಲಗ್ ಹಾಕುವುದು.

ಹೋದ ಸಲದ ಸ್ವಾತಿ ಮಳೆಯಲ್ಲಿ ತೋಟದಿಂದ ಬರುವಾಗ ತಡವಾಯಿತು, ಸಿಡಿಲು ತಲೆಯ ಮೇಲೇ ಇತ್ತು. ಪ್ಲಗ್ ಹಾಗೇ ಬಿಟ್ಟು ಒಳಗೆ ಕೂತೆ. ಬೆಳಿಗ್ಗೆ ನೋಡಿದರೆ ಎಸ್‌ಪಿಡಿಯ ಕಿಟಕಿ ಕೆಂಪಾಗಿತ್ತು, ಕಂಪ್ಯೂಟರ್ ಮಾತ್ರ ಮಾಮೂಲಿನಂತೆ ಎದ್ದಿತು. ಕೊಪ್ಪಕ್ಕೆ ಹೋಗಿ ಕಾರ್ಟ್ರಿಜ್ ತಂದು ಅಂದೇ ಹಾಕಿಸಿದೆ.