ಕೇಳುವವನ ಮುಖ

ಶಿರಸಿ ಪಕ್ಕದ ನಮ್ಮೂರಲ್ಲಿ 19 ದಿನದಲ್ಲಿ ಒಂದು ಹಾಸ್ಯ ಸಿನಿಮಾ ಚಿತ್ರೀಕರಿಸಿದೆ. ಅಣ್ಣ, ತಮ್ಮ ಅಡಿಕೆ ತೋಟ ಪಾಲು ಮಾಡಿಕೊಳ್ಳುತ್ತಾರೆ. ಅಡಿಕೆ ಬೇಯಿಸುವ ಹಂಡೆ ಮಾತ್ರ ಒಂದೇ. ಇಷ್ಟೇ ಕಥೆ. ಮನೆ, ತೋಟ, ಜೀಪು ಎಲ್ಲ ನೆಂಟರದ್ದು, ಊಟ ನಮ್ಮ ಅಡುಗೆಮನೆಯದ್ದು.

ದಿನ ಹೊಂದಿಸುವುದು ಕಷ್ಟವಾಯಿತು. ನಟರೆಲ್ಲ ಊರ ನಾಟಕದವರು, ತೋಟ ಇದ್ದವರು. ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ಮಾತು ಕೇಳುವುದಿಲ್ಲ. ಮಳೆ ಬಿಟ್ಟ ಮೇಲೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು, ರಾತ್ರಿ ಅಡಿಕೆ ಸುಲಿಯುವ ಕೆಲಸ. ಉಳಿದದ್ದು ಏಪ್ರಿಲ್. ಆಗ ಜೀರುಂಡೆ! ಡಬ್ಬಿಂಗ್ ನನಗೆ ಬೇಡವಾಗಿತ್ತು. ಮಾತಿನ ನಡುವಿನ ಆ ತಡವರಿಕೆ ಸ್ಟುಡಿಯೋದಲ್ಲಿ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಮಾತಿನ ದೃಶ್ಯಗಳನ್ನೆಲ್ಲ ಮನೆಯೊಳಗೆ ತಂದುಕೊಂಡೆವು.

ಮೂರನೇ ದಿನ ತಮ್ಮ ಹೇಳಿದ: "ಹಂಡೆ ನಿಂಗೇ ಇರ್ಲಿ ಅಣ್ಣಾ. ಒಲೆ ನನ್ನ ಪಾಲಿಗೆ ಬಂತು." ಸೆಟ್ಟಿನಲ್ಲಿದ್ದವರೆಲ್ಲ ನಕ್ಕರು. ಒಂದೇ ಟೇಕು, ಸಮಯ ಉಳಿಯಿತು ಅಂತ ಮುಂದೆ ಹೋದೆ. ಎಡಿಟಿಂಗ್‌ನಲ್ಲಿ ನೋಡಿದರೆ ಆ ಮಾತಿಗೆ ನಗುವೇ ಬರುತ್ತಿಲ್ಲ.

ಯಕ್ಷಗಾನ ನೋಡಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹಾಸ್ಯಗಾರ ರಂಗಕ್ಕೆ ಬಂದರೆ ಭಾಗವತರು "ಹಾಗಂದ್ರೇನಯ್ಯಾ?" ಅಂತ ಕೇಳಲೇಬೇಕು. ಆ ಕೇಳುವಿಕೆಯಲ್ಲೇ ಅರ್ಧ ನಗು ಇರುತ್ತದೆ. ಜನ ನಕ್ಕರೆ ಹಾಸ್ಯಗಾರ ಅಲ್ಲೇ ತಡೆಯುತ್ತಾನೆ, ಇಲ್ಲದಿದ್ದರೆ ಮುಂದಕ್ಕೆ ಓಡುತ್ತಾನೆ. ಸಿನಿಮಾ ಯಾರಿಗೂ ಕಾಯುವುದಿಲ್ಲ, ಸೆಕೆಂಡಿಗೆ 24 ಫ್ರೇಮು ಓಡುತ್ತಲೇ ಇರುತ್ತದೆ. ಎಲ್ಲಿ ತಡೆಯಬೇಕು ಅನ್ನುವುದನ್ನು ಎಡಿಟಿಂಗ್‌ನಲ್ಲೇ ಕೂರಿಸಬೇಕು. ಅದಕ್ಕೆ ಕೇಳುವವನ ಮುಖ ಬೇಕು. ನಾನು ಅಣ್ಣನ ಮುಖವನ್ನು ತೆಗೆದೇ ಇರಲಿಲ್ಲ. ಆ ಒಂದು ಮುಖಕ್ಕಾಗಿ ಮತ್ತೆ ಒಂದಿಡೀ ದಿನದ ಕ್ಯಾಮೆರಾ ಬಾಡಿಗೆ ಕೊಟ್ಟೆ.

ಕಡಿಮೆ ದುಡ್ಡಿನಲ್ಲಿ ಹಾಸ್ಯ ಮಾಡುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ. ದುಬಾರಿ ಕ್ಯಾಮೆರಾ ಬೇಡ, ಆ ದುಡ್ಡಿಗೆ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ. ತಾಲೀಮು ಜಗಲಿಯಲ್ಲೇ ಮುಗಿಸಿ, ಅದಕ್ಕೆ ಕಷಾಯದ ಖರ್ಚು ಸಾಕು.

ಒರಟು ಎಡಿಟ್ ಮುಗಿದ ಮೇಲೆ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಊರವರಿಗೆ ತೋರಿಸಿದೆ. ನಾನು ನೋಡಿದ್ದು ಜನರನ್ನು. ಮೊದಲ ಅರ್ಧ ಗಂಟೆ ಚೆನ್ನಾಗಿ ನಕ್ಕರು. ಒಂದು ಗಂಟೆಯ ಹೊತ್ತಿಗೆ ಸುಸ್ತಾದರು. ಹತ್ತು ನಿಮಿಷದ ಪ್ರಹಸನಕ್ಕೆ ಬರೀ ಮಾತು ಸಾಕು, ಒಂದೂವರೆ ಗಂಟೆಗೆ ಸಾಲದು, ಅಲ್ವಾ? ಹಂಡೆ ಸಿಗದಿದ್ದರೆ ಅಡಿಕೆ ಹಾಳಾಗುತ್ತದೆ ಅನ್ನುವ ಭಯ ನಮ್ಮ ಚಿತ್ರದಲ್ಲಿ ತಡವಾಗಿ ಬರುತ್ತಿತ್ತು. ಅದನ್ನು ಮುಂದಕ್ಕೆ ತಂದೆ. ನನಗೆ ತುಂಬಾ ಇಷ್ಟವಾದ ಮದುವೆ ಮನೆಯ ದೃಶ್ಯ, ಏಳು ನಿಮಿಷದ್ದು, ಪೂರ್ತಿ ಹೋಯಿತು.

ಸೆನ್ಸಾರ್, ಡಿಜಿಟಲ್ ಪ್ರೊಜೆಕ್ಷನ್ ಶುಲ್ಕ, ಪೋಸ್ಟರು: ಉಳಿದ ದುಡ್ಡು ಅಲ್ಲಿಗೇ ಮುಗಿಯಿತು. ಚಿತ್ರಮಂದಿರದವರು ಕೊಟ್ಟದ್ದು ಬೆಳಗಿನ ಒಂದು ಆಟ.

ಆ ಆಟಕ್ಕೆ ಹಿಂದಿನ ಸಾಲಿನಲ್ಲಿ ಕೂತಿದ್ದೆ. ತಮ್ಮ ಒಲೆಯ ಮಾತು ಹೇಳಿದ. ಅಣ್ಣನ ಮುಖ ಬಂತು. ಮೊದಲು ಯಾರೋ ಒಬ್ಬರು, ಆಮೇಲೆ ಎಲ್ಲರೂ ನಕ್ಕರು. ಮುಂದಿನ ಮಾತಿಗೆ ಮೊದಲು ನಾವು ಬಿಟ್ಟಿದ್ದ ಮೂರು ಸೆಕೆಂಡು ಸಾಲಲಿಲ್ಲ.